ಗಂಟಿನ ಕೆಳಗಿನ ಚಿಗುರು

ತಿಮ್ಮರಾಯನಿಗೆ ಮರೆವು ಹೆಚ್ಚು ಎಂದು ಊರವರು ಹೇಳುತ್ತಿದ್ದುದು ಸರಿಯಲ್ಲ. ಅವನಿಗೆ ಎಲ್ಲವೂ ನೆನಪಿರುತ್ತಿತ್ತು. ಯಾವ ವರ್ಷ ಯಾವ ಮಾವಿನ ತೋಪಿನಲ್ಲಿ ಹೂವು ಕಚ್ಚಲಿಲ್ಲ, ನರ್ಸರಿಯ ಯಾವ ಸಾಲಿನ ಸಸಿಗೆ ಯಾವ ಮರದ ಕುಡಿ ಕಟ್ಟಿದ್ದು, ಮಗಳಿಗೆ ಸಂಜೆ ಔಷಧಿ ಕೊಡಬೇಕಾದದ್ದು, ಎಲ್ಲ. ಆದರೆ ಆ ನೆನಪು ಬೇಕಾದ ಹೊತ್ತಿಗೆ ಎದುರು ಬಂದು ನಿಲ್ಲುತ್ತಿರಲಿಲ್ಲ. ತೊಟ್ಟಿಯಿಂದ ನೀರು ತರಲು ಹೊರಟವನು ದಾರಿಯಲ್ಲಿ ಬೇಲಿ ಸಡಿಲವಾದದ್ದು ಕಂಡರೆ ಬಿಂದಿಗೆ ಕೆಳಗಿಡುತ್ತಿದ್ದ. ಬೇಲಿಗೆ ತಂತಿ ತರಲು ಶೆಡ್ಡಿಗೆ ಹೋದರೆ ಅಲ್ಲಿ ಕಸಿಚಾಕು ಮೊಂಡಾಗಿರುತ್ತಿತ್ತು. ಅದನ್ನು ಮಸೆಯುತ್ತ ಕೂತುಬಿಡುತ್ತಿದ್ದ. ಸಂಜೆಗೆ ಚಾಕು ಹರಿತವಾಗಿರುತ್ತಿತ್ತು, ಬೇಲಿ ಸಡಿಲವಾಗಿಯೇ ಇರುತ್ತಿತ್ತು, ಬಿಂದಿಗೆ ದಾರಿಯಲ್ಲಿ ಖಾಲಿ ಬಿದ್ದಿರುತ್ತಿತ್ತು.

"ನಿನ್ ತಲೆ ಅನ್ನೋದು ಬಸ್ ಸ್ಟ್ಯಾಂಡು ಕಣೋ," ಎನ್ನುತ್ತಿದ್ದಳು ನರ್ಸರಿಯಲ್ಲಿ ಅವನ ಪಕ್ಕದ ಸಾಲಿನಲ್ಲಿ ಕಸಿ ಕಟ್ಟುವ ಸೊಣ್ಣಮ್ಮ. "ಎಲ್ಲಾ ಬಸ್ಸೂ ಬತ್ತವೆ. ಒಂದಾದ್ರೂ ನಿಂತ್ಕೊಂಡು ಜನ ಹತ್ತಿಸ್ಕೊಂಡು ಹೋಯ್ತದಾ?"

ತಿಮ್ಮರಾಯ ನಗುತ್ತಿದ್ದ. ಹೆಂಡತಿ ಇದ್ದಷ್ಟು ದಿನ ಅದು ನಗುವ ಮಾತೇ ಆಗಿತ್ತು. ಬಿಂದಿಗೆಯನ್ನು ಅವಳು ಎತ್ತಿಕೊಂಡು ಬರುತ್ತಿದ್ದಳು. ಅವಳು ಹೋದ ಮೇಲೆ ಬಿಂದಿಗೆ ಬಿದ್ದಲ್ಲೇ ಬಿದ್ದಿರತೊಡಗಿತು.

ಮಗಳು ದಾಕ್ಷಾಯಿಣಿಗೆ ಆಗ ಏಳು ವರ್ಷ. ಫಿಟ್ಸ್ ಕಾಯಿಲೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹೊತ್ತು ತಪ್ಪದಂತೆ ಔಷಧಿ ಬೀಳಬೇಕು. ಬೆಳಗಿನದನ್ನು ಶಾಲೆಯ ಟೀಚರು ಹಾಕುತ್ತಿದ್ದರು, ರಜೆಯ ದಿನ ಸೊಣ್ಣಮ್ಮ. ಸಂಜೆಯದು ಅಪ್ಪನದು. ನರ್ಸರಿಯ ಒಂದು ಮೂಲೆಯಲ್ಲಿದ್ದ ಕೆಲಸಗಾರರ ಮನೆಯಲ್ಲಿ ಅವರಿಬ್ಬರೇ ಇದ್ದದ್ದು; ಸೊಣ್ಣಮ್ಮನೂ ಉಳಿದವರೂ ಹೊತ್ತು ಮುಳುಗುವ ಮುಂಚೆ ತಮ್ಮ ಊರುಗಳಿಗೆ ಹೊರಟುಬಿಡುತ್ತಿದ್ದರು.

ಎಚ್ಚರಿಸುವ ಯಂತ್ರಗಳಿಗೆ ಬರವಿದ್ದ ಕಾಲವೇನಲ್ಲ ಅದು. ಫೋನು ಕೂಗುತ್ತಿತ್ತು. ಗೋಡೆಗೆ ಸಿಕ್ಕಿಸಿದ ಪೆಟ್ಟಿಗೆ ಹೆಸರು ಹಿಡಿದು ಮಾತಾಡುತ್ತಿತ್ತು. ತಿಮ್ಮರಾಯ "ಹ್ಞೂಂ, ಕೊಡ್ಬೇಕು" ಎಂದು ಎದ್ದು ಅದರ ಬಾಯಿ ಮುಚ್ಚಿಸುತ್ತಿದ್ದ. ಬಾಯಿ ಮುಚ್ಚಿಸಿದ ಕೈಗೂ ಔಷಧಿಯಿಟ್ಟ ಗೂಡಿಗೂ ನಡುವೆ ಒಂದು ಕೋಣೆಯಷ್ಟು ದೂರ. ಅಷ್ಟರಲ್ಲೇ ಅವನು ಎಲ್ಲಿಗೋ ಹೊರಟುಹೋಗುತ್ತಿದ್ದ. ದಿನದ ಪುಸ್ತಕಗಳನ್ನೂ ಕೊಂಡಿದ್ದ. ಮೊದಲ ಮೂರು ಪುಟಗಳಲ್ಲಿ ಗುಂಡಗಿನ ಅಕ್ಷರ, ಆಮೇಲೆ ಖಾಲಿ. ಬರೆಯುವುದು ಕಷ್ಟವಿರಲಿಲ್ಲ, ಬರೆದದ್ದನ್ನು ತೆಗೆದು ನೋಡಬೇಕೆಂಬುದೇ ಹೊಳೆಯುತ್ತಿರಲಿಲ್ಲ. ಗಮನ ನಿಲ್ಲಲೆಂದು ಆಸ್ಪತ್ರೆಯವರು ಕೊಟ್ಟ ಮಾತ್ರೆಗೆ ಕೈ ನಡುಗಿತು. ನಡುಗುವ ಕೈಯಲ್ಲಿ ಕಸಿ ಕಟ್ಟಲು ಬರುವುದಿಲ್ಲ.

ಸಂಜೆಯ ಔಷಧಿ ತಪ್ಪಿ ಎರಡನೆಯ ಸಲ ಮಗಳನ್ನು ಆಸ್ಪತ್ರೆಗೆ ಸೇರಿಸಿದಾಗ ಅವನ ಅಕ್ಕ ಈಶ್ವರಮ್ಮ ಚಿಂತಾಮಣಿಯಿಂದ ಬಂದಳು. ಜಗಳವಾಡಲಿಲ್ಲ. ಮಗುವಿನ ಕಾಲ ಹತ್ತಿರ ಕೂತು, ಕಿತ್ತಳೆ ಸುಲಿಯುತ್ತ, ತಲೆ ಎತ್ತದೆ ಹೇಳಿದಳು:

"ನೀನು ಕೆಟ್ಟೋನಲ್ಲ ತಿಮ್ಮಾ. ಅದು ನಂಗೊತ್ತು. ಆದ್ರೆ ಮಗು ಬದುಕ್ಬೇಕಲ್ಲ. ಇನ್ನೊಂದು ಸಲ ಹಿಂಗಾದ್ರೆ ನಾನು ಕೇಳಕ್ಕೆ ಬರಲ್ಲ, ಕರ್ಕೊಂಡು ಹೋಗಕ್ಕೇ ಬರೋದು."

*

ತಾಲ್ಲೂಕು ಪಟ್ಟಣದ ಹೊರಗೆ ಜನರ ಅಭ್ಯಾಸಗಳ ಮೇಲೆ ಸಂಶೋಧನೆ ನಡೆಸುವ ಒಂದು ಕೇಂದ್ರವಿತ್ತು. ಆಸ್ಪತ್ರೆಯವರು ತಿಮ್ಮರಾಯನನ್ನು ಅಲ್ಲಿಗೆ ಕಳಿಸಿದರು. ಡಾಕ್ಟರ್ ನಸೀಮಾ ಅಲ್ಲಿಯವರು. ಅವರು ಮೊದಲು ತಿಮ್ಮರಾಯನ ಕಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ಬಿಲ್ಲೆಯೊಂದನ್ನು ಅಂಟಿಸಿ, ಎರಡು ವಾರ ಎಂದಿನಂತೆ ಇರಲು ಹೇಳಿ ಕಳಿಸಿದರು. ತಿರುಗಿ ಬಂದಾಗ ಒಳಗಿನ ದೊಡ್ಡ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ಉದ್ದಕ್ಕೂ ಪರದೆಗಳು. ಒಂದೊಂದರಲ್ಲೂ ಯಾರದೋ ದಿನಗಳು ಗೆರೆಗಳಾಗಿ ಹರಿಯುತ್ತಿದ್ದವು.

"ಇದು ನೀವು," ಎಂದು ಒಂದನ್ನು ತೋರಿಸಿದರು. ಗಾಳಿಗೆ ಕೆದರಿದ ಹುಲ್ಲಿನಂತಿತ್ತು. ಯಾವ ಗೆರೆಯೂ ಹಿಂದಿನ ದಿನದ ಗೆರೆಯ ಮೇಲೆ ಕೂರುತ್ತಿರಲಿಲ್ಲ.

"ಚೆನ್ನಾಗೇ ಬಂದಿದೀನಿ ಬುಡಿ," ಎಂದ ತಿಮ್ಮರಾಯ.

ಡಾಕ್ಟರ್ ನಕ್ಕರು. ಆಮೇಲೆ ವಿವರಿಸಿದರು. ಗಂಟೆ ಬಾರಿಸುವುದು ಸುಲಭ, ತಿರುಗಿ ನೋಡುವುದನ್ನು ಕಲಿಸುವುದು ಕಷ್ಟ. ಗಮನ ನಿಲ್ಲದವರಲ್ಲಿ ಹೊಸ ಅಭ್ಯಾಸ ಬೇರು ಬಿಡುವ ಮುಂಚೆಯೇ ಒಣಗುತ್ತದೆ. ಆದ್ದರಿಂದ ಆಗಲೇ ಬೇರು ಬಿಟ್ಟಿರುವ ಬೇರೊಂದು ಅಭ್ಯಾಸ ಹುಡುಕಬೇಕು. ಅದು ಇನ್ನೇನು ಶುರುವಾಗಬೇಕು ಎನ್ನುವ ಚಣದಲ್ಲಿ ಮೆದುಳಿನಲ್ಲಿ ಒಂದು ಅಲೆ ಏಳುತ್ತದೆ. ಬಿಲ್ಲೆ ಆ ಅಲೆಯನ್ನು ಹಿಡಿದು ಪಕ್ಕಕ್ಕೆ ತಿರುಗಿಸುತ್ತದೆ. ಮಾಡಬೇಕಾದ್ದನ್ನು ಬರೆದಿಟ್ಟ ಪುಸ್ತಕ ತೆಗೆಯುವುದು, ಓದುವುದು, ಓದಿದ್ದನ್ನು ಮಾಡುವುದು, ಮಾಡಿದ್ದಕ್ಕೆ ಗೀಟು ಹಾಕುವುದು, ಇಷ್ಟೂ ಒಂದೇ ಉಸಿರಿನ ಕೆಲಸವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಗೀಟು ಬೀಳುವ ತನಕ ಮೈಗೆ ಸಮಾಧಾನವಿರುವುದಿಲ್ಲ.

"ಕಸಿ," ಎಂದ ತಿಮ್ಮರಾಯ.

"ನಾವೂ ಹಾಗೇ ಕರಿಯೋದು."

"ಅಂಗಾದ್ರೆ ಕೆಳಗಿನ ವಾಟೆ ಸಸಿದು ತಲೆ ತೆಗೀತೀರಾ ಮೇಡಂ?"

ಬೀಜದಿಂದ ಎದ್ದ ವಾಟೆ ಸಸಿಯ ತಲೆ ಕತ್ತರಿಸಿಯೇ ಅದರ ಮೇಲೆ ಒಳ್ಳೆಯ ಮರದ ಕುಡಿ ಕಟ್ಟುವುದು; ಅವನು ತಮಾಷೆಗೆ ಕೇಳಿದ್ದ. ಡಾಕ್ಟರ್ ನಗಲಿಲ್ಲ.

"ತೆಗೀಬೇಕಾಗುತ್ತೆ," ಎಂದರು. "ಎರಡೂ ಉಳಿಯೋಲ್ಲ. ನಮ್ಮ ಹತ್ರ ಒಬ್ಬ ಅಜ್ಜಿ ಇದಾರೆ, ಸಂಜೆ ದೀಪ ಹಚ್ಚೋದನ್ನ ಕೊಟ್ರು. ಈಗ ಹೊತ್ತಿಗೆ ಸರಿಯಾಗಿ ಪುಸ್ತಕ ತೆಗೀತಾರೆ, ಇನ್ಸುಲಿನ್ ತೊಗೋತಾರೆ. ದೇವರ ಮುಂದೆ ಕತ್ತಲೆ. ಯಾಕೆ ಹಚ್ಚಲಿಲ್ಲ ಅಂದ್ರೆ, ಹಚ್ಚಬೇಕಿತ್ತಾ ಅಂತಾರೆ. ನಿಮಗೆ ಸುಳ್ಳು ಹೇಳಿ ಕಟ್ಟೋಕೆ ನನಗಿಷ್ಟ ಇಲ್ಲ."

ಆಮೇಲೆ ಪರದೆಯ ಮೇಲೆ ಬೆರಳಿಟ್ಟರು. ಆ ಕೆದರಿದ ಹುಲ್ಲಿನ ನಡುವೆ ಒಂದೇ ಒಂದು ಕಡೆ, ದಿನವೂ ಹೊತ್ತು ಮುಳುಗುವಾಗ, ಎಲ್ಲ ಗೆರೆಗಳೂ ಹುರಿಗೊಂಡ ಹಗ್ಗದಂತೆ ಒಟ್ಟಾಗಿದ್ದವು.

"ಇದೇನು? ಆ ಹೊತ್ತಲ್ಲಿ ಏನು ಮಾಡ್ತೀರಿ?"

ತಿಮ್ಮರಾಯ ನೋಡಿದ. ನೋಡುತ್ತ ಅವನ ಕಿವಿ ಕೆಂಪಾಯಿತು.

"ಏನೂ ಇಲ್ಲ ಮೇಡಂ. ಮನೆಗೆ ಬತ್ತೀನಿ. ಮಗೀನ ಕೂಗ್ತೀನಿ."

*

ಅದೊಂದು ಆಟ. ಹಿಂದೆ ಕಾಯಿ ಬಲಿಯುವ ಕಾಲದಲ್ಲಿ ತೋಪಿನಲ್ಲಿ ನಿಂತು ಗಿಣಿ ಅಟ್ಟಲು ಕೂಗು ಹಾಕುತ್ತಿದ್ದರು. ಈಗ ಆ ಕೆಲಸಕ್ಕೆ ಮರಗಳ ಮೇಲೆ ಹಾರಾಡುವ ಯಂತ್ರಗಳಿವೆ, ಕೂಗು ಯಾರಿಗೂ ಬೇಡ. ತಿಮ್ಮರಾಯನ ಗಂಟಲಲ್ಲಿ ಮಾತ್ರ ಅದು ಉಳಿದಿತ್ತು. ಮಗಳಿಗೆ ಮಾತು ಬಂದ ವರ್ಷದಿಂದ, ಕೆಲಸ ಮುಗಿಸಿ ಬಂದವನು ಹೊಸಿಲ ಹೊರಗೆ ನಿಂತು, ತೋಪಿನ ಕೂಗಿನ ಧಾಟಿಯಲ್ಲಿ ರಾಗ ಎಳೆಯುತ್ತಿದ್ದ:

"ಹೋಯ್ ಗಿಣಿಯೇ! ಇದ್ದೀಯಾ, ಹಾರ್ಹೋದ್ಯಾ?"

ಒಳಗಿನಿಂದ, ಬಾಗಿಲ ಹಿಂದಿನಿಂದಲೋ ಮಂಚದಡಿಯಿಂದಲೋ, ಉತ್ತರ ಬರುತ್ತಿತ್ತು: "ಹಾರ್ಹೋದೆ!"

"ಅಯ್ಯೋ, ಹಾರ್ಹೋಯ್ತಂತಲ್ಲಪ್ಪಾ," ಎಂದು ಅವನು ಒಳಗೆ ಬಂದು ಹುಡುಕುತ್ತಿದ್ದ. ಹೆಂಡತಿಯನ್ನು ಮಣ್ಣು ಮಾಡಿ ಬಂದ ಸಂಜೆ ಕೂಡ ಹೊಸಿಲಲ್ಲಿ ನಿಂತಾಗ ಬಾಯಿಂದ ಆ ಕೂಗು ತಾನಾಗಿ ಬಂದಿತ್ತು. ನೆಂಟರು ಬೆಚ್ಚಿ ನೋಡಿದ್ದರು. ಒಳಗಿನಿಂದ ಅಳುವ ದನಿಯಲ್ಲೇ ಉತ್ತರವೂ ಬಂದಿತ್ತು.

ಕೇಂದ್ರದಿಂದ ಬಂದ ಮರುದಿನ ಸಸಿ ಸೀಳುತ್ತ ಸೊಣ್ಣಮ್ಮನಿಗೆ ಇದೆಲ್ಲ ಹೇಳಿದ.

"ಬೀಡಿ ಚಟದ ಮೇಲೆ ಕಟ್ಟೋ ಅನ್ಬಾರ್ದಾಗಿತ್ತಾ? ಅದಾದ್ರೂ ಹೋಗ್ತಿತ್ತು," ಎಂದಳು ಅವಳು.

"ಕೇಳ್ದೆ ಸೊಣ್ಣಮ್ಮತ್ತೆ. ಬೀಡೀನೂ ನಾನು ನೆಟ್ಟಗೆ ಸೇದಲ್ವಂತೆ. ಹಚ್ತೀನಿ, ಎಲ್ಲೋ ಇಟ್ಬುಡ್ತೀನಂತೆ. ನನ್ನಲ್ಲಿ ಗಟ್ಟಿ ಬೇರು ಅಂತ ಇರೋದು ಅದೊಂದೇ."

ಸೊಣ್ಣಮ್ಮ ಪ್ಲಾಸ್ಟಿಕ್ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಗಂಟು ಬಿಗಿದಳು. "ಕೂಗಿಲ್ದಿದ್ರೂ ಮಗು ಬೆಳೀತದೆ," ಎಂದಳು. "ಔಷಧಿ ಇಲ್ದಿದ್ರೆ ಬೆಳಿಯಲ್ಲ. ಕಟ್ಟಿಸ್ಕೊ ಹೋಗು."

ಕಟ್ಟಿಸಿಕೊಂಡ.

*

ಮೊದಲ ವಾರ ಏನೂ ಆಗಲಿಲ್ಲ. ಹೊಸಿಲಲ್ಲಿ ನಿಂತಾಗ ಕಿವಿಯ ಹಿಂದೆ ಇರುವೆ ಕಚ್ಚಿದಂತಾಗುತ್ತಿತ್ತು, ಅಷ್ಟೆ. ಕೂಗಿ, ಮಗಳನ್ನು ಹುಡುಕಿ, ಆಮೇಲೆ ಯಾವಾಗಲೋ "ಅಯ್ಯೋ ಪುಸ್ತಕ" ಎಂದುಕೊಳ್ಳುತ್ತಿದ್ದ. ಎರಡನೆಯ ವಾರದಲ್ಲಿ, ಬಾಯಿ ತೆರೆಯುವ ಹೊತ್ತಿಗೆ ಕೈ ತಾನಾಗಿ ಜೇಬಿಗೆ ಹೋಗತೊಡಗಿತು. ಜೇಬಿನಲ್ಲಿ ಅಂಗೈಯಗಲದ ಪುಸ್ತಕ, ದಾರ ಕಟ್ಟಿದ ಪೆನ್ಸಿಲ್ಲು. ಮೊದಲ ಸಾಲು ದಿನವೂ ಅದೇ: ದಾಕ್ಷಿಗೆ ಔಷಧಿ. ಓದುತ್ತಿದ್ದಂತೆ ಕಾಲು ಗೂಡಿನ ಕಡೆ ನಡೆಯುತ್ತಿತ್ತು. ಔಷಧಿ ಬಿದ್ದು, ಗೀಟು ಬಿದ್ದ ಮೇಲೆ, ತುಂಬ ದಿನದಿಂದ ಹೊತ್ತ ಮೂಟೆ ಇಳಿಸಿದಂತೆ ಮೈ ಹಗುರಾಗುತ್ತಿತ್ತು. ಆ ಹಗುರವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಎರಡನೆಯ ಸಾಲು, ಮೂರನೆಯ ಸಾಲು ಬಂದವು. ಬೇಲಿ ಬಿಗಿಯಾಯಿತು. ಬಿಂದಿಗೆ ಮನೆ ಸೇರಿತು. ಅಕ್ಕ ಬಂದವಳು ಔಷಧಿಯ ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಎಷ್ಟು ಇಳಿದಿರಬೇಕೋ ಅಷ್ಟೇ ಇಳಿದದ್ದು ಕಂಡು, ತಮ್ಮನ ತಲೆ ಸವರಿ ಹೋದಳು.

ಒಂದು ಸಂಜೆ ಅವನು ಗೀಟು ಹಾಕಿ ತಲೆ ಎತ್ತಿದರೆ ಮಗಳು ಮಂಚದಡಿಯಿಂದ ತೆವಳಿಕೊಂಡು ಹೊರಗೆ ಬರುತ್ತಿದ್ದಳು. ಔಷಧಿಗೆ ಬಾಯಿ ತೆರೆದದ್ದೂ ಅಲ್ಲಿಂದಲೇ. ಕುಡಿದು ತಿರುಗಿ ಒಳಗೆ ಸರಿದಿದ್ದಳು. ಕೂದಲಿಗೆಲ್ಲ ಧೂಳು.

"ಅಲ್ಯಾಕವ್ವ ಕೂತಿದ್ದೆ?"

"ನೀನು ಕೇಳ್ತೀಯೇನೋ ಅಂತ."

"ಏನ?"

"ಇದ್ದೀನಾ, ಹಾರ್ಹೋದ್ನಾ ಅಂತ."

ತಿಮ್ಮರಾಯ ಪುಸ್ತಕ ಮುಚ್ಚಿದ. ಆ ಕೂಗು ಅವನಿಗೆ ನೆನಪಿತ್ತು, ಆದರೆ ದೂರದ ನೆಂಟರ ಮನೆಯ ಹಾಡಿನಂತೆ ನೆನಪಿತ್ತು. ಹೊರಗೆ ಹೋಗಿ ನಿಂತು ಕೂಗಿದ. ದನಿ ಸರಿಯಾಗಿ ಏಳಲಿಲ್ಲ. ಆದರೂ ಅವಳು "ಹಾರ್ಹೋದೆ!" ಎಂದು ಕಿರುಚಿ ನಕ್ಕ ನಗು ಕೇಳಿ ಅವನಿಗೆ ತಡೆಯಲಾಗಲಿಲ್ಲ.

ಮರುದಿನದಿಂದ ಅವನು ಒಂದು ಉಪಾಯ ಮಾಡಿದ. ಕೆಲಸ ಮುಗಿಸಿ ಕಸಿಯ ಸಾಲು ದಾಟಿದ ಕೂಡಲೇ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕುತ್ತಿದ್ದ. ಹೊಸಿಲಲ್ಲಿ ನಿಂತು ಕೂಗುತ್ತಿದ್ದ. ಕೂಗಿ, ನಕ್ಕು, ಆಮೇಲೆ ಬಿಲ್ಲೆ ಅಂಟಿಸಿಕೊಂಡು ಪುಸ್ತಕ ತೆಗೆಯುತ್ತಿದ್ದ. ಎರಡೂ ನಡೆಯಿತು. ದಿನದಿಂದ ದಿನಕ್ಕೆ ದನಿ ಗಟ್ಟಿಯಾಯಿತು.

ಕಸಿ ಕಟ್ಟುವವನಿಗೆ ಇದು ತಿಳಿಯದ್ದಲ್ಲ. ಗಂಟಿನ ಕೆಳಗೆ ವಾಟೆ ಸಸಿಯದೇ ಚಿಗುರು ಒಡೆದರೆ ಹೆಬ್ಬೆರಳಲ್ಲಿ ಒತ್ತಿ ಮುರಿಯಬೇಕು, ಕಂಡ ದಿನವೇ ಮುರಿಯಬೇಕು. ಅವನು ದಿನವಿಡೀ ಮಾಡುತ್ತಿದ್ದ ಕೆಲಸವೇ ಅದು; ಹೊಸಬರು ಬಿಟ್ಟರೆ ಬೈಯುತ್ತಿದ್ದ. ಆದರೆ ಎಲ್ಲ ಕಸಿಗಾರರ ಮನಸ್ಸಿನಲ್ಲೂ ಒಂದು ಕಳ್ಳ ಆಸೆ ಇರುತ್ತದೆ. ಸಾಲಿನ ಕೊನೆಯಲ್ಲಿ ಯಾವುದೋ ಒಂದು ಸಸಿಯಲ್ಲಿ ಕೆಳಚಿಗುರು ಎಳೆಗೆಂಪಾಗಿ, ಚೆಂದವಾಗಿ ನಿಂತಿರುತ್ತದೆ. ಇರಲಿ ಬಿಡು, ಮೇಲಿನದೂ ಹಸಿರಾಗೇ ಇದೆಯಲ್ಲ, ಎಂದು ಕೈ ಹಿಂದೆಗೆಯುತ್ತಾರೆ. ತಿಮ್ಮರಾಯನೂ ಅಂಥ ಸಸಿಗಳನ್ನು ಬಿಟ್ಟಿದ್ದುಂಟು. ಒಂದರಲ್ಲೂ ಮೇಲಿನ ಕಸಿ ಉಳಿದದ್ದಿಲ್ಲ; ಕೆಳಚಿಗುರೇ ಸಾರವೆಲ್ಲ ಹೀರಿಬಿಟ್ಟಿತ್ತು.

ಕೇಂದ್ರದಿಂದ ಡಾಕ್ಟರ್ ಫೋನು ಮಾಡಿದರು. "ತಿಮ್ಮರಾಯ, ನಿಮ್ಮ ಗೆರೆ ಎರಡಾಗಿ ಒಡೀತಾ ಇದೆ. ಸಂಜೆ ಸ್ವಲ್ಪ ಹೊತ್ತು ಏನೂ ಕಾಣ್ತಿಲ್ಲ. ಬಿಲ್ಲೆ ತೆಗೀತಿದೀರಾ?"

"ಇಲ್ಲ ಮೇಡಂ. ಬೆವರಿಗೆ ಜಾರ್ತದೆ, ಅಷ್ಟೇ."

"ಮೇಲಿನದಕ್ಕೆ ಇನ್ನೂ ಬಲ ಬಂದಿಲ್ಲ. ಜೋಪಾನ."

"ಆಯ್ತು ಮೇಡಂ," ಎಂದ.

*

ಅದಾಗಿ ಎಷ್ಟೋ ದಿನದ ಮೇಲೆ ಒಂದು ಸಂಜೆ, ಅವನು ಕೂಗಿದ, ಅವಳು ಹಾರಿಹೋದೆ ಎಂದಳು. ಆ ದಿನ ಅವಳು ನಿಜವಾಗಿಯೂ ಮನೆಯೊಳಗಿರಲಿಲ್ಲ. ಹಿತ್ತಲಿನ ಸಸಿಗಳ ನಡುವೆ ಅಡಗಿದ್ದಳು. ಹುಡುಕುತ್ತ ಹೋದವನಿಗೆ ಅಲ್ಲಿ ಹನಿ ನೀರಾವರಿಯ ಕೊಳವೆ ಕಳಚಿ ನೀರು ಬುಗ್ಗೆಯಾಗಿ ಹಾರುತ್ತಿದ್ದದ್ದು ಕಂಡಿತು. ಮಗಳನ್ನು ನೀರಲ್ಲಿ ಆಡಲು ಬಿಟ್ಟು ಕೊಳವೆ ಸಿಕ್ಕಿಸಿದ. ಸಿಕ್ಕಿಸುವಾಗ ಇನ್ನೊಂದು ಕಡೆ ಬಿರುಕು ಕಂಡಿತು. ಇಬ್ಬರೂ ಒದ್ದೆಯಾಗಿ, ನಗುತ್ತ ಒಳಗೆ ಬಂದರು, ಉಂಡರು, ಮಲಗಿದರು. ಬಿಲ್ಲೆ ಒದ್ದೆ ಅಂಗಿಯ ಜೇಬಿನಲ್ಲಿ ಹಗ್ಗದ ಮೇಲೆ ಒಣಗುತ್ತಿತ್ತು. ಪುಸ್ತಕವೂ.

ಮರುದಿನ ಸಂಜೆ ಅಂಗಿ ಬೇರೆ. ಕೂಗಿದ. ನಕ್ಕ. ಕೈ ಜೇಬಿಗೆ ಹೋಗಲೇ ಇಲ್ಲ.

ಅದರ ಮರುದಿನ ಶಾಲೆಯಲ್ಲಿ ದಾಕ್ಷಿ ಬೆಂಚಿನಿಂದ ಬಿದ್ದಳು. ಸೆಳೆತ ನಿಲ್ಲಲಿಲ್ಲ. ಆಸ್ಪತ್ರೆ ಮುಟ್ಟುವ ತನಕವೂ ನಿಲ್ಲಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟಾಗ ಎಡಗೈಯಲ್ಲಿ ಹಿಡಿತವಿರಲಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದರು.

ಈಶ್ವರಮ್ಮ ಬಂದಳು, ಹೇಳಿದ ಮಾತಿನಂತೆ ಬಟ್ಟೆಯ ಚೀಲ ತಂದಿದ್ದಳು. ವಾರ್ಡಿನ ಹೊರಗೆ ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತ ತಮ್ಮನ ಮುಂದೆ ನಿಂತಳು.

"ಹೊಡಿ ಅಕ್ಕಾ," ಎಂದ ಅವನು.

"ಹೊಡುದ್ರೆ ನೆಟ್ಟಗಾಗೋ ಅಂಗಿದ್ರೆ ನಮ್ಮಪ್ಪಾನೇ ನಿನ್ನ ನೆಟ್ಟಗೆ ಮಾಡಿರೋನು." ಅವಳು ಅವನ ಭುಜ ಹಿಡಿದು ಅಲುಗಿಸಿದಳು. "ಏನಾಯ್ತೋ? ಎಲ್ಲಾ ಸರಿಯಾಗೇ ಇತ್ತಲ್ಲೋ!"

ಅವನು ನಡೆದದ್ದನ್ನು ನಡೆದಂತೆ ಹೇಳಿದ. ಅವಳು ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ ಚೀಲವನ್ನು ನೆಲಕ್ಕಿಟ್ಟಳು.

"ಒಂದು ಕೂಗಿಗೋಸ್ಕರವಾ?" ಎಂದಳು. ಬೈಗುಳವಾಗಿರಲಿಲ್ಲ ಅದು. "ಹೋಗು. ಆ ಡಾಕ್ಟರಮ್ಮನ ಹತ್ರ ಇನ್ನೊಂದು ಸಲ ಹೋಗು. ಈ ಸಲ ಕಸಿ ಒಣಗಿದ್ರೆ ನಾನು ನಿನ್ನೂ ಕೇಳಲ್ಲ, ಮಗೀನೂ ಕೇಳಲ್ಲ."

*

ಕೇಂದ್ರದ ದೊಡ್ಡ ಕೋಣೆಯಲ್ಲಿ ಡಾಕ್ಟರ್ ನಸೀಮಾ ಪರದೆ ತೋರಿಸಿದರು. ಹಗ್ಗ ಎರಡಾಗಿ ಕವಲೊಡೆದಿತ್ತು. ಒಂದು ದಪ್ಪ. ಇನ್ನೊಂದು ನೂಲಿನೆಳೆ.

"ತಿರುಗಿ ಕಟ್ಟಬಹುದು. ಈ ಸಲ ಬಿಲ್ಲೆ ಚರ್ಮದ ಕೆಳಗೆ ಹಾಕ್ತೀನಿ, ತೆಗೆಯೋ ಹಾಗಿಲ್ಲ. ಅದೊಂದೇ ಸಾಲದು. ಕೂಗಿಗೆ ಉತ್ತರ ಬಂದಷ್ಟು ದಿನ ಕೆಳಗಿನದು ಚಿಗುರ್ತಾನೇ ಇರುತ್ತೆ. ಉತ್ತರ ಕೊಡೋರು ನಿಲ್ಲಿಸ್ಬೇಕು."

ಉತ್ತರ ಕೊಡುವವಳು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಎಡಗೈಯನ್ನು ಬಲಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ಡಾಕ್ಟರ್ ಅವಳ ಮುಂದೆ ಬಾಗಿದರು. "ಪುಟ್ಟಿ, ಅಪ್ಪ ಕೂಗಿದ್ರೆ ನೀನು ಸ್ವಲ್ಪ ದಿನ ಮಾತಾಡಬಾರದು. ಆಗುತ್ತಾ?"

"ಮಾತಾಡ್ದಿದ್ರೆ ಅತ್ತೆ ನನ್ನ ಕರ್ಕೊಂಡು ಹೋಗಲ್ವಾ? ಅಪ್ಪನ ಜೊತೇಲೇ ಇರ್ತೀನಾ?"

"ಇರ್ತೀಯ."

"ಆಗ್ತದೆ," ಎಂದಳು.

ತಿಮ್ಮರಾಯ ಕಿಟಕಿಯಾಚೆ ನೋಡುತ್ತಿದ್ದ. ಸಾಲಿನ ಕೊನೆಯ ಚೆಂದದ ಚಿಗುರನ್ನು ಈವರೆಗೆ ಬೇರೆಯವರ ಕೈಯಿಂದ ಮುರಿಸಿದವನಲ್ಲ ಅವನು.

ಆ ಬೇಸಿಗೆಯ ಸಂಜೆಗಳಲ್ಲಿ ಅವನು ಹೊಸಿಲಿಗೆ ಬಂದು ನಿಲ್ಲುತ್ತಿದ್ದ. ಕಿವಿಯ ಹಿಂದೆ ಕಚ್ಚುತ್ತಿತ್ತು. ಆದರೂ ಗಂಟಲಿನಿಂದ ಅರ್ಧ ಕೂಗು ಹೊರಗೆ ಬಂದುಬಿಡುತ್ತಿತ್ತು: "ಹೋಯ್ ಗಿಣಿ..." ಒಳಗೆ ದಾಕ್ಷಿ ದಿಂಬನ್ನು ಬಾಯಿಗೊತ್ತಿಕೊಂಡು ಮಂಚದ ಮೇಲೆ ಬೋರಲು ಬೀಳುತ್ತಿದ್ದಳು. ಉತ್ತರವಿಲ್ಲದ ಕೂಗು ಅಂಗಳದಲ್ಲೇ ನಿಂತು ಆರಿಹೋಗುತ್ತಿತ್ತು. ಅವನು ಪುಸ್ತಕ ತೆಗೆಯುತ್ತಿದ್ದ. ದಿನ ಕಳೆದಂತೆ ಅರ್ಧ ಕೂಗು ಬರಿಯ ಉಸಿರಾಯಿತು. ಆಮೇಲೆ ಉಸಿರೂ ಇಲ್ಲ. ಅವನು ಬಂದದ್ದು ಚಪ್ಪಲಿಯ ಸದ್ದಿನಿಂದ, ಪುಟ ತಿರುವುವ ಸದ್ದಿನಿಂದ ಮಾತ್ರ ತಿಳಿಯುತ್ತಿತ್ತು.

ಕಸಿ ಕೂಡಿಕೊಂಡಿತು. ಡಾಕ್ಟರರ ಪರದೆಯ ಮೇಲೆ ಈಗ ಅವನದು ಎಲ್ಲರಿಗಿಂತ ನೇರವಾದ ಗೆರೆ. ಹೊಸದಾಗಿ ಬಂದವರಿಗೆ ಅದನ್ನೇ ತೋರಿಸುತ್ತಿದ್ದರಂತೆ. ನರ್ಸರಿಯ ಮಾಲೀಕರು ಅವನಿಗೆ ಮೇಸ್ತ್ರಿಯ ಕೆಲಸ ಕೊಟ್ಟರು. ಈಶ್ವರಮ್ಮ ಮತ್ತೆ ಚೀಲ ತರಲಿಲ್ಲ. ದಾಕ್ಷಿಯ ಎಡಗೈ ಬೆರಳುಗಳು ಒಂದೊಂದಾಗಿ ಮಡಿಸಲು ಬಂದವು. ಫಿಟ್ಸ್ ತಿರುಗಿ ಬರಲಿಲ್ಲ.

"ಈಗ ನಿನ್ ತಲೇಲಿ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡ್ತವೆ," ಎಂದಳು ಸೊಣ್ಣಮ್ಮ ಒಂದು ದಿನ. ಅವನು ನಗಲಿಲ್ಲವಾದ್ದರಿಂದ ಅವಳೂ ಮುಂದೆ ತಮಾಷೆ ಬೆಳೆಸಲಿಲ್ಲ.

ಮಳೆಗಾಲ ಹಿಡಿದ ಮೇಲೆ ಡಾಕ್ಟರ್ ಫೋನಿನಲ್ಲಿ ಹೇಳಿದರು, ಇನ್ನು ಮಗು ಮಾತಾಡಬಹುದು, ಕೆಳಗಿನದು ಪೂರ್ತಿ ಒಣಗಿದೆ, ಹೆದರಬೇಕಾದ್ದಿಲ್ಲ ಎಂದು. ತಿಮ್ಮರಾಯ ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಮಗಳಿಗೆ ತಿಳಿಸಿ, ಗೀಟು ಹಾಕಿದ.

ಮರುದಿನ ಸಂಜೆ ದಾಕ್ಷಿ ಬಾಗಿಲ ಹಿಂದೆ ಅಡಗಿ ನಿಂತಳು. ಚಪ್ಪಲಿಯ ಸದ್ದು ಅಂಗಳ ದಾಟಿ ಹೊಸಿಲ ಹೊರಗೆ ನಿಂತಿತು. ಅವಳು ಉಸಿರು ಬಿಗಿಹಿಡಿದಳು. ಹೊರಗೆ ಪುಟ ತಿರುಗಿತು. ಅವನು ಒಳಗೆ ಬಂದು, ಗೂಡಿನಿಂದ ಬಾಟಲಿ ತೆಗೆದು, ಅಳತೆಯ ಮುಚ್ಚಳಕ್ಕೆ ಔಷಧಿ ಬಗ್ಗಿಸಿ, ಬಾಗಿಲ ಹಿಂದೆ ಇದ್ದವಳನ್ನು ಹುಡುಕದೆಯೇ ಕಂಡು, ಮುಚ್ಚಳ ಚಾಚಿದ. ಅವಳು ಕುಡಿದಳು. ಅವನು ಗೀಟು ಹಾಕಿದ.

"ಹಾರ್ಹೋದೆ," ಎಂದಳು ದಾಕ್ಷಿ, ಮೆಲ್ಲಗೆ.

ತಿಮ್ಮರಾಯ ಅವಳ ಮುಖ ನೋಡಿದ. ಅಕ್ಕರೆಯಿಂದಲೇ ನೋಡಿದ. ಆಮೇಲೆ ಪುಸ್ತಕವನ್ನು ತಿರುಗಿ ತೆರೆದು, ಇವತ್ತಿನ ಪುಟದ ಮೇಲೆ ಬೆರಳು ಇಳಿಸುತ್ತ ಬಂದು, ನಾಳೆಯ ಪುಟವನ್ನೂ ನೋಡಿದ.

"ಎಲ್ಲಿಗವ್ವ ಹೋಗ್ಬೇಕಿತ್ತು?" ಎಂದ. "ಇದ್ರಾಗೆ ಬರ್ದಿಲ್ವಲ್ಲ."